ಬಾಗಲವಾಡದ ಹೆಸರಿನ ಡಬ್ಬಿ

ನಮ್ಮ ಮನೆಯಲ್ಲಿ ನಮ್ಮ ಹೆಸರಿನ ಪಾತ್ರೆ ಒಂದೂ ಇಲ್ಲ. ಬೆಳಿಗ್ಗೆ ನಾನು ಚಹಾ ಕುಡಿಯುವ ಲೋಟದ ಮೇಲೆ ದೂರದ ಸೋದರತ್ತೆಯೊಬ್ಬಳ ಹೆಸರಿದೆ. ಊಟದ ತಟ್ಟೆಯ ಅಂಚಿನಲ್ಲಿ ನನ್ನ ಗಂಡನ ಆಫೀಸಿನವರು ಪ್ರೀತಿಯ ಕಾಣಿಕೆ ಅಂತ ಬರೆಸಿದ್ದಾರೆ. ಹಿಟ್ಟಿನ ಡಬ್ಬಿಯ ಮೇಲೆ ತೆಲುಗು ಅಕ್ಷರ, ಅದು ಗದ್ವಾಲದ ಕಡೆಯ ಬೀಗರದು. ಅಜ್ಜನ ಕಾಲದ ತಾಮ್ರದ ತಂಬಿಗೆಯ ಮೇಲೆ ಉರ್ದುವಿನಲ್ಲಿ ಏನೋ ಕೆತ್ತಿದೆ. ಅದು ಅಜ್ಜನದೇ ಹೆಸರೆಂದು ಮನೆಮಂದಿಯೆಲ್ಲ ನಂಬಿದ್ದೆವು. ಒಂದು ದಿನ ಪಕ್ಕದ ಮನೆಯ ಹಿರಿಯರೊಬ್ಬರು ಅದನ್ನು ಓದಿ, ಇದು ಬೇರೆ ಯಾರದೋ ಹೆಸರು, ಯಾವುದೋ ಮದುವೆಯಲ್ಲಿ ಅದಲುಬದಲಾಗಿರಬೇಕು ಅಂದರು. ಅಜ್ಜಿ ಜಗ್ಗಲಿಲ್ಲ. "ಉರ್ದುದಾಗ ನಮ್ಮವರ ಹೆಸರು ಹಂಗ ಬರೀತಾರ" ಅಂದು ತಂಬಿಗೆ ಒಳಗೆ ಒಯ್ದುಬಿಟ್ಟಳು.

ನಾನು ಅಕ್ಷರ ಕಲಿತದ್ದೇ ಈ ಪಾತ್ರೆಗಳಿಂದ. ಅವ್ವ ರೊಟ್ಟಿ ಬಡಿಯುತ್ತ, ತೊಳೆದು ಬೋರಲು ಹಾಕಿದ ಪಾತ್ರೆಗಳ ಮುಂದೆ ನನ್ನನ್ನು ಕೂಡಿಸಿ "ಇದು ಯಾರದು ಓದು, ಅದು ಯಾರದು ಓದು" ಅನ್ನುತ್ತಿದ್ದಳು. ಪಾತ್ರೆಯ ಹೆಸರುಗಳು ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತವಲ್ಲ, ಕನ್ನಡವನ್ನು ಬರೆಯುವುದೇ ಹಾಗೆ ಅಂದುಕೊಂಡಿದ್ದೆ. ಶಾಲೆಗೆ ಹೋದ ಹೊಸದರಲ್ಲಿ ಪಾಟಿಯ ತುಂಬ ಚುಕ್ಕಿ ಇಟ್ಟು ತೋರಿಸಿದಾಗ ಅಕ್ಕೋರು "ಇದೇನು, ರಂಗೋಲಿ ಹಾಕೀಯೇನು?" ಅಂತ ಕೇಳಿದ್ದು ನೆನಪಿದೆ. ಒಟ್ಟಿನಲ್ಲಿ ಪಾತ್ರೆ ಮೇಲಿನ ಹೆಸರುಗಳ ವಿಷಯದಲ್ಲಿ ನಾನು ದೊಡ್ಡ ಪಂಡಿತಳು ಎಂಬ ಭ್ರಮೆ ನನಗೆ ಮೊದಲಿನಿಂದಲೂ ಇತ್ತು. ಆ ಭ್ರಮೆ ಈ ಚಳಿಗಾಲದಲ್ಲಿ ಬಾಗಲವಾಡದ ಒಂದು ಅಂಗಳದಲ್ಲಿ ಇಳಿಯಿತು. ಅದನ್ನೇ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು ಗೌರಿಯ ಪರಿಚಯ ಆಗಬೇಕು. ಗೌರಿ ನನ್ನ ಶಾಲೆಯ ದಿನಗಳ ಗೆಳತಿ, ರಾಯಚೂರಿನ ಅಕ್ಕಿ ಗಿರಣಿಯವರ ಮನೆಯ ಮಗಳು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದವಳಾದ್ದರಿಂದ ಆಕೆ ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಆಕೆ ತನ್ನ ಸ್ಕೂಟರಿನ ಹಿಂದಿನ ಸೀಟನ್ನು ನನಗೆ ಕಾಯಂ ಮಾಡಿಕೊಟ್ಟಿದ್ದಾಳೆ. ಚಳಿಗಾಲ ಬಂತೆಂದರೆ ನಾವು ಸುಮ್ಮನೆ ಹೊರಡುತ್ತೇವೆ. ನಮ್ಮೂರಿನ ಬಿಸಿಲು ನಿಮಗೆ ಗೊತ್ತಲ್ಲ, ಊರ ಹೊರಗಿನ ಜಗತ್ತು ನಮಗೆ ಸಿಗುವುದೇ ಈ ಕೆಲವು ವಾರ. ದೊಡ್ಡ ರಸ್ತೆಯಿಂದ ಒಂದು ಮಣ್ಣಿನ ದಾರಿ ಒಡೆದದ್ದು ಕಂಡರೆ ಸಾಕು, ಗೌರಿ ಬ್ರೇಕು ಹಾಕುತ್ತಾಳೆ. "ಲೇ ಸುಧಾ, ಈ ದಾರಿ ಎಲ್ಲಿಗಿ ಹೋಗ್ತದ?" ನನಗೇನು ಗೊತ್ತು! "ನೋಡೇಬಿಡೋಣು" ಅಂದು ತಿರುಗಿಸಿಯೇಬಿಡುತ್ತಾಳೆ. ಎಷ್ಟೋ ಸಲ ಅದು ಯಾರದೋ ಕಣಕ್ಕೆ ಹೋಗಿ ನಿಂತಿರುತ್ತದೆ. ನಾಯಿ ಬೊಗಳುತ್ತದೆ. ನಾವು ಹೊರಳಿ ಬರುತ್ತೇವೆ.

ಹಾಗೆ ಎಳ್ಳು ಅಮಾವಾಸ್ಯೆಯ ದಿನವೂ ದೇವದುರ್ಗದ ಕಡೆ ಹೊರಟಿದ್ದೆವು. ಆ ದಿನ ನಮ್ಮ ಸೀಮೆಯ ಊರುಗಳಲ್ಲಿ ಮನೆಗೆ ಬೀಗ, ಎಲ್ಲರೂ ಹೊಲದಲ್ಲಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡುತ್ತಾರೆ. ಮಾಡಿ ತಂದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ತುಂಬ ಚೆಲ್ಲುತ್ತಾರೆ, ಅದಕ್ಕೆ ಚರಗ ಅನ್ನುತ್ತಾರೆ. ಭೂಮಿತಾಯಿ ಉಂಡ ಮೇಲೆ ಉಳಿದವರ ಊಟ. ಆ ಹೊತ್ತಿಗೆ ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಕರೆದು ಉಣಿಸಲೇಬೇಕು, ಕರೆದರೆ ಇವರು ಉಣ್ಣಲೇಬೇಕು. ಇದು ಗೊತ್ತಿದ್ದೂ ನಾನು ಮನೆಯಲ್ಲಿ ಹೊಟ್ಟೆ ತುಂಬ ಅವಲಕ್ಕಿ ತಿಂದು ಹೊರಟಿದ್ದೆ.

ಗಬ್ಬೂರು ದಾಟಿ, ಗೌರಿಯ ಅಭ್ಯಾಸದಂತೆ ಯಾವುದೋ ಮಣ್ಣಿನ ದಾರಿ ಹಿಡಿದು ಹೋಗುವಾಗ, ಜೋಳದ ಬೆಳೆಯ ನಡುವಿನಿಂದ ಹೆಂಗಸೊಬ್ಬಳು ಕೈಯೆತ್ತಿ ಕೂಗಿದಳು. "ಯವ್ವಾ, ನಿಂದರ್ರಿ! ಉಣ್ಣಲಾರದ ಹೊಂಟೀರೇನು? ಬರ್ರಿ, ಬರ್ರಿ!" ನಮ್ಮಷ್ಟೇ ವಯಸ್ಸು, ಗಟ್ಟಿ ಆಳು, ಹಣೆ ತುಂಬ ವಿಭೂತಿ. ಜೊತೆಗೆ ಆಕೆಯ ಸೊಸೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣಗಾಯಿ, ಕಡುಬು, ಶೇಂಗಾ ಹೋಳಿಗೆ... ಸಾಕೆಂದು ಕೈ ಅಡ್ಡ ಹಿಡಿದರೆ ಕೈಮೇಲೇ ಹಾಕುವ ಜನ! ಏಳುವಾಗ ಮನೆಗೂ ಒಯ್ಯಿರಿ ಅಂದಳು. ಕಟ್ಟಿಕೊಡಲು ಪಾತ್ರೆ ಇಲ್ಲ. ಆಕೆ ಒಂದು ಕ್ಷಣ ಬುಟ್ಟಿಯಲ್ಲಿ ಕೈಯಾಡಿಸಿ, ಹಳೆಯ ಸ್ಟೀಲಿನ ಡಬ್ಬಿಯೊಂದನ್ನು ತೆಗೆದಳು.

"ಅತ್ತಿ, ಆ ಡಬ್ಬಿ ಬ್ಯಾಡ್ರಿ," ಅಂತ ಸೊಸೆ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

"ಬ್ಯಾರೇ ಎಲ್ಲದ? ಇರಲಿ ಬಿಡು," ಅಂದಳು ಆಕೆ. ಬೆಳ್ಳುಳ್ಳಿ ಹಾಕಿ ಕುಟ್ಟಿದ ಗುರೆಳ್ಳ ಹಿಂಡಿ ಚಟ್ನಿಯನ್ನೂ ಕಡುಬನ್ನೂ ತುಂಬಿ ನನ್ನ ಕೈಗೆ ಕೊಟ್ಟು, ಕೊಟ್ಟ ಮೇಲೂ ಒಂದು ಗಳಿಗೆ ಕೈ ಬಿಡಲಿಲ್ಲ. "ಡಬ್ಬಿ ಮಾತ್ರ ತಂದು ಕೊಡ್ರಿ ಯವ್ವಾ. ಮರೀಬ್ಯಾಡ್ರಿ."

"ಅಯ್ಯ, ಬರೋ ವಾರನ ತರ್ತೀವ್ರೀ!" ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಆ ಹೊತ್ತಿನಲ್ಲಿ ಯಾರು ಕೇಳುತ್ತಾರೆ ಹೇಳಿ, ಹೊಲ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಓಡಿಹೋಗಿತ್ತು! ಮುಂದಿನ ವಾರ ಹೋದರೆ ಎಲ್ಲ ದಾರಿಯೂ ಒಂದೇ ದಾರಿ, ಎಲ್ಲ ಜೋಳವೂ ಒಂದೇ ಜೋಳ. ಅಮಾವಾಸ್ಯೆಯ ದಿನ ಗುರುತಿಗಿದ್ದ ಬಂಡಿ, ಜನ, ಒಂದೂ ಇಲ್ಲ. ಸುಣ್ಣ ಹಚ್ಚಿದ ಐದು ಕಲ್ಲು ಹುಡುಕೋಣವೆಂದರೆ ಎಲ್ಲ ಬನ್ನಿ ಗಿಡಗಳ ಕೆಳಗೂ ಸುಣ್ಣ ಹಚ್ಚಿದ ಐದು ಕಲ್ಲು. ಡಬ್ಬಿ ಹಿಡಿದುಕೊಂಡು ಹೊಲದಿಂದ ಹೊಲಕ್ಕೆ ಅಲೆದು, ಮೈತುಂಬ ಉತ್ತರಾಣಿ ಮುಳ್ಳು ಮೆತ್ತಿಸಿಕೊಂಡು ಬಂದೆವು.

ಇತ್ತ ನಮ್ಮ ಮನೆಯಲ್ಲಿ ಆ ಡಬ್ಬಿಗೆ ಒಳಗೆ ಪ್ರವೇಶವಿರಲಿಲ್ಲ. ನಮ್ಮದು ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಆಚಾರವಂತರ ಮನೆ. ಅಂದರೆ ನಮ್ಮ ಅತ್ತೆ ಆಚಾರವಂತರು, ನಾನು ಸ್ಕೂಟರ್ ಹತ್ತಿದ ಕೂಡಲೇ ಆಚಾರ ಬಿಡುವವಳು. ನಾನು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟರೂ ಅತ್ತೆ ಮೂಗು ಮುಚ್ಚಿಕೊಂಡು, "ದೇವರ ಮನೀತನಕ ವಾಸನಿ ಬರ್ಲಿಕ್ಕತ್ತದ. ಯಾರದದ, ಕೊಟ್ಟು ಬಾರವಾ ಮೊದಲ," ಅನ್ನುತ್ತಿದ್ದರು. ಹಾಗೆ ಬಿಸಿಲಿನಲ್ಲಿ ಹೊರಳಿಸುವಾಗಲೇ ಮುಚ್ಚಳದ ಮೇಲೆ ಸವೆದ ಚುಕ್ಕಿಗಳು ಕಂಡವು. ನನ್ನ ಬಾಲ್ಯದ ವಿದ್ಯೆ ಕೈಕೊಡಲಿಲ್ಲ. 'ಶರಣಮ್ಮ ಬಾಗಲವಾಡ' ಎಂದು ಓದಿದೆ.

ಕೂಡಲೇ ಗೌರಿಗೆ ಫೋನು. "ಸಿಕ್ಕಳು! ಆಕಿ ಹೆಸರು ಶರಣಮ್ಮ, ಮಾನ್ವಿ ತಾಲ್ಲೂಕಿನ ಬಾಗಲವಾಡದಾಕಿ!"

"ಅಲ್ಲ ಬೇ, ಹೊಲ ಇರೋದು ದೇವದುರ್ಗದ ಕಡೆ. ಬಾಗಲವಾಡದಾಕಿ ಅಲ್ಲಿಗ್ಯಾಕ ಬರ್ತಾಳ? ಯಾರರ ಉಡುಗೊರೆ ಕೊಟ್ಟ ಡಬ್ಬಿ ಇದ್ದೀತು."

"ನಿನಗ ಗೊತ್ತಾಗಂಗಿಲ್ಲ ಸುಮ್ಮಿರು. ಉಡುಗೊರಿ ಆಗಿದ್ರ ಪ್ರೀತಿಯ ಕಾಣಿಕೆ ಅಂತ ಇರ್ಲಿಕ್ಕೇಬೇಕು. ಬರೇ ಹೆಸರಿದ್ರ ಅದು ಮಾಲೀಕರದು. ಹೊಲ ಎಲ್ಲರ ಇರಬಹುದು." ಪಂಡಿತಳ ಮಾತಿಗೆ ಗೌರಿ ಎದುರಾಡಲಿಲ್ಲ.

ಸಂಕ್ರಾಂತಿ ಆಗಿ ಹೋಗಿತ್ತು. ಬಂದ ಡಬ್ಬಿಯನ್ನು ಖಾಲಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಮನೆಯಲ್ಲಿ ಉಳಿದಿದ್ದ ಎಳ್ಳುಂಡೆಯನ್ನು ಅದರಲ್ಲಿ ತುಂಬಿಕೊಂಡೆ. ಪಾಕ ಏರಿ ಗೋಲಿಗುಂಡಿನಂತೆ ಆಗಿದ್ದ ಉಂಡೆಗಳು ಸ್ಕೂಟರ್ ಕುಲುಕಿದಾಗಲೆಲ್ಲ ಡಬ್ಬಿಯಲ್ಲಿ ಗಡಗಡ ಅನ್ನುತ್ತಿದ್ದವು. "ಎಂಜಿನ್ನಿಗೇನರ ಆಗೇದೇನು?" ಅಂತ ಗೌರಿ ದಾರಿಯುದ್ದಕ್ಕೂ ಚಾಷ್ಟಿ ಮಾಡಿದಳು. ಮಾನ್ವಿಯಲ್ಲಿ ಮಿರ್ಚಿ ಬಜಿ ತಿಂದು, ಚಹಾ ಕುಡಿದು, ಕೇಳಿಕೊಳ್ಳುತ್ತ ಹೊರಟೆವು. ಇಬ್ಬನಿ ಆರಿರಲಿಲ್ಲ. ಕಡಲೆ ಹೊಲದ ಹುಳಿ ವಾಸನೆ, ಕುಸುಬೆಯ ಹಳದಿ ಹೂವು, ಹತ್ತಿ ಬಿಡಿಸುವವರ ಸಾಲು. ಶಾಲು ಸುತ್ತಿಕೊಂಡು ಹಿಂದೆ ಕೂತ ನನಗೆ, ಜಗತ್ತಿನಲ್ಲಿ ಡಬ್ಬಿ ಮರಳಿಸುವುದಕ್ಕಿಂತ ಸುಖದ ಕೆಲಸ ಬೇರೆ ಇಲ್ಲ ಅನಿಸಿತು.

ಬಾಗಲವಾಡದಲ್ಲಿ ಶರಣಮ್ಮನ ಮನೆ ಸಲೀಸಾಗಿ ಸಿಕ್ಕಿತು. ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು. ಹಿತ್ತಲಲ್ಲಿ ಬಾರಿಹಣ್ಣಿನ ಗಿಡ, ಎಲಚಿ ಅನ್ನುತ್ತಾರಲ್ಲ ಅದು. ಹೊರಗೆ ಬಂದವಳು ಮಾತ್ರ ನಮ್ಮ ಹೊಲದವ್ವ ಅಲ್ಲ. ಸಣ್ಣ ಮೈಯ, ಮೆಲ್ಲಗೆ ಮಾತಾಡುವ ಬೇರೆ ಹೆಂಗಸು. ನಾನು ಪೆಚ್ಚಾಗಿ ಡಬ್ಬಿ ಮುಂದೆ ಹಿಡಿದೆ. ಆಕೆ ಮುಚ್ಚಳದ ಮೇಲೆ ಬೆರಳಾಡಿಸಿ ನೋಡಿದಳು. ಮುಖ ಕಪ್ಪಿಟ್ಟಿತು.

"ಇದನ್ನ ಎಲ್ಲಿಂದ ತಂದ್ರಿ? ನೀಲಮ್ಮ ಮಾರಿದಳೇನು? ಹಳೀ ಪಾತ್ರಿ ಅಂಗಡ್ಯಾಗ ಸಿಕ್ತೇನ್ರೀ?"

ಗೌರಿ ನನ್ನ ಕಡೆ ತಿರುಗಿದ ನೋಟವನ್ನು ಬರೆಯಲಾರೆ. "ತನ್ನ ಮನೀ ಡಬ್ಬಿ ಮ್ಯಾಲ ತನ್ನೂರ ಹೆಸರು ಯಾರರ ಬರಸ್ತಾರೇನು, ಪಂಡಿತಮ್ಮ?" ಅಂತ ಆಕೆ ಕಿವಿಯಲ್ಲಿ ಹೇಳಿದ್ದು ಬೀದಿಗೆಲ್ಲ ಕೇಳಿಸಿತು. ಹೌದಲ್ಲ! ಕೊಟ್ಟವರೇ ತಮ್ಮ ಊರು ಬರೆಸುವವರು. ಇಷ್ಟು ವರ್ಷ ಪಾತ್ರೆ ಓದಿದ್ದೂ ದಂಡ.

ಶರಣಮ್ಮ ಕಟ್ಟೆಯ ಮೇಲೆ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಡೆದದ್ದನ್ನು ಹೇಳಿದಳು. ನೀಲಮ್ಮನೂ ಇದೇ ಓಣಿಯವಳು. ಇಬ್ಬರೂ ಕೂಡಿ ಹತ್ತಿ ಬಿಡಿಸಿದವರು, ಕೂಡಿ ಬಾರಿಹಣ್ಣು ಕದ್ದವರು. ನೀಲಮ್ಮನ ಮದುವೆಗೆ ಶರಣಮ್ಮ ಕೂಲಿಯ ರೊಕ್ಕದಲ್ಲಿ ಈ ಡಬ್ಬಿ ಕೊಂಡು ಮಾನ್ವಿ ಸಂತೆಯಲ್ಲಿ ಹೆಸರು ಹಾಕಿಸಿದ್ದಳು. "ಅಕ್ಷರಕ್ಕ ಇಷ್ಟು ಅಂತ ತಗೋತಿದ್ರೀ. ನನ್ನ ಹೆಸರು, ಊರ ಹೆಸರು ಹಾಕಸೂದ್ರಾಗ ರೊಕ್ಕ ಮುಗಿದ್ವು." ಪ್ರೀತಿಯ ಕಾಣಿಕೆ ಯಾಕಿರಲಿಲ್ಲ ಅಂತ ನನಗಾಗ ತಿಳಿಯಿತು.

ಮುಂದೆ ನೀಲಮ್ಮನ ತಂದೆ ತೀರಿಕೊಂಡರು. ಆಕೆ ಅಣ್ಣನನ್ನು ಹೊಲದಲ್ಲಿ ಪಾಲು ಕೇಳಿದಳು. ಹಿರಿಯರು ಕೂತರು. ಶರಣಮ್ಮನ ಗಂಡನೂ ಇದೇ ಊರಿನವನು, ಅಣ್ಣನ ಪರವಾಗಿ ಮಾತಾಡಿದ.

"ಆಕಿ ನನ್ನ ಮಾರಿ ನೋಡಿದಳ್ರೀ. ನಾ ಬಾಯಿ ಬಿಡಲಿಲ್ಲ. ಗಂಡನ ಮುಂದ ಹೆಂಗ ಬಿಡ್ಲಿ? ಈ ಊರಾಗ ಇನ್ನ ಅನ್ನ ನೀರು ಮುಟ್ಟಂಗಿಲ್ಲ ಅಂತ ಹೇಳಿ ಎದ್ದು ಹೋದಾಕಿ, ಇವತ್ತಿನತನಕ ಬಂದಿಲ್ಲ. ನಮ್ಮ ಯಜಮಾನರೂ ಈಗಿಲ್ಲ. ನಾ ಯಾವ ಮಾರಿ ಇಟಗೊಂಡು ಹೋಗ್ಲಿ? ಡಬ್ಬಿನ ಅವತ್ತೇ ಬಿಸಾಕಿದ್ದಾಳು ಅಂತ ಮಾಡಿದ್ದೆ. ಈಗ ದಾರೀಲೆ ಹೋಗೋರ ಕೈಯಾಗ ಬಂತು ನೋಡ್ರಿ." ಆಕೆಯ ಕಣ್ಣು ತುಂಬಿತು.

ನನಗೆ ಕಸಿವಿಸಿ. ಅಕ್ಕರೆಯಿಂದ ಅನ್ನ ಹಾಕಿದ ಹೆಂಗಸಿನ ಹೆಸರನ್ನು ನಾವು ಅಂಗಳಕ್ಕೆ ಬಂದು ಕೆಡಿಸಿದೆವಲ್ಲ! ಇಬ್ಬರೂ ಒಂದೇ ಉಸಿರಿಗೆ ಎಲ್ಲ ಹೇಳಿದೆವು. ಬಿಸಾಕಿಲ್ಲ, ಮಾರಿಲ್ಲ. ಬೇರೆ ಪಾತ್ರೆ ಇರಲಿಲ್ಲ ಅಂತ ಕೊಟ್ಟಳು. ಸೊಸೆ ಬೇಡ ಅಂದಳು. ಕೊಟ್ಟ ಮೇಲೂ ಕೈ ಬಿಡಲಿಲ್ಲ.

"ಕೈ ಬಿಡಲಿಲ್ಲೇನ್ರಿ?" ಶರಣಮ್ಮ ಅದೊಂದನ್ನೇ ಹಿಡಿದಳು.

"ಖರೇನ ಬಿಡಲಿಲ್ರೀ. ಮರೀಬ್ಯಾಡ್ರಿ ಅಂತ ಹೇಳಿ ಕೊಟ್ಟಳು."

ಆಕೆ ಎದ್ದಳು. ನನ್ನ ಎಳ್ಳುಂಡೆಗಳನ್ನು ತಾಟಿಗೆ ಸುರಿದುಕೊಂಡಳು, ಅವು ಬಿದ್ದ ಸದ್ದಿಗೆ ಕೋಳಿಗಳು ಬೆದರಿ ಓಡಿದವು. ಹಿತ್ತಲಿಗೆ ಹೋಗಿ ಮಡಿಲು ತುಂಬ ಬಾರಿಹಣ್ಣು ಆರಿಸಿ ತಂದು, ಕಲ್ಲಿನಲ್ಲಿ ಉಪ್ಪು, ಹಸಿಮೆಣಸಿನಕಾಯಿ, ಬೆಲ್ಲ ಹಾಕಿ ಕುಟ್ಟತೊಡಗಿದಳು. ನಾವೆಲ್ಲ ಹುಡುಗಿಯರಾಗಿದ್ದಾಗ ಹೀಗೆ ಕುಟ್ಟಿ, ಕೈಗೆ ಬಳಿದುಕೊಂಡು ನೆಕ್ಕುತ್ತಿದ್ದೆವಲ್ಲ, ಅದೇ. ಬಾಯಲ್ಲಿ ನೀರು ಬಂದು ನಾನು ಬೇರೆ ಕಡೆ ನೋಡಿದೆ.

"ನೀಲಮ್ಮ ತಿಂತಾಳೇನ್ರಿ? ಈ ಊರಿಂದು ಮುಟ್ಟಂಗಿಲ್ಲ ಅಂದಾಳಂತೀರಿ," ಅಂದಳು ಗೌರಿ.

ಶರಣಮ್ಮ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಅನ್ನ ನೀರು ಮುಟ್ಟಂಗಿಲ್ಲ ಅಂದಾಳ. ಬಾರಿಹಣ್ಣಿನ ಮಾತು ಎತ್ತಿಲ್ಲ."

ನೀಲಮ್ಮನ ಊರನ್ನು ಕೇಳಿಕೊಂಡು, ಸಿರವಾರದ ಮೇಲಿಂದ ದೇವದುರ್ಗದ ಕಡೆ ಹೊರಟೆವು. ಮಡಿಲಲ್ಲಿ ಬಾರಿಹಣ್ಣು ತುಂಬಿದ ಡಬ್ಬಿ ಹಿಡಿದು ನಾನು ಒಂದೇ ಯೋಚನೆ ಮಾಡುತ್ತಿದ್ದೆ. ಆಕೆ ಮುಚ್ಚಳ ತೆಗೆದು, ವಾಸನೆ ಬಡಿದು, ತಿಪ್ಪೆಗೆ ಸುರಿದುಬಿಟ್ಟರೆ? ನಾನು ತಿರುಗಿ ಶರಣಮ್ಮನಿಗೆ ಏನಂತ ಹೇಳಲಿ? ಗೌರಿಯೂ ಅದನ್ನೇ ಯೋಚಿಸುತ್ತಿದ್ದಳು ಅನಿಸುತ್ತದೆ, ದಾರಿಯಲ್ಲಿ ಒಂದು ಅಡ್ಡದಾರಿಗೂ ಸ್ಕೂಟರ್ ತಿರುಗಿಸಲಿಲ್ಲ.

ಹೊತ್ತು ಇಳಿಯುತ್ತಿತ್ತು. ನೀಲಮ್ಮ ಹೊಲದಲ್ಲೇ ಸಿಕ್ಕಳು. ಸೊಸೆಯ ಜೊತೆ ಸೀತನಿ ಸುಡುತ್ತಿದ್ದಳು, ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಹಸಿರು ಕಾಳು ತೆಗೆಯುವುದು. ಡಬ್ಬಿ ಕಂಡ ಕೂಡಲೇ ಸೊಸೆ "ಬಂತ್ರೀ ಅತ್ತಿ, ಬಂತು!" ಎಂದು ಕೂಗಿದಳು. "ಅತ್ತಿ ದಿನಾ ದಾರಿ ನೋಡತಿದ್ರೀ. ಕಳೀತು ಅಂತ ಊಟ ಸೈತ ಸೇರಿಲ್ಲ." ನಾನು ನೆಲ ನೋಡಿದೆ.

"ಎಲ್ಲಿ ಹುಡುಕಿದ್ರೆವ್ವಾ ನನ್ನ?" ಅಂತ ನಗುತ್ತ ನೀಲಮ್ಮ ಮುಚ್ಚಳ ತೆಗೆದಳು. ನಗು ಅಲ್ಲೇ ನಿಂತಿತು. ಅರ್ಧ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಆಕೆ ಇನ್ನೊಮ್ಮೆ ಬೆರಳು ಅದ್ದಿದಳು.

"ಉಪ್ಪು ಜಾಸ್ತಿ ಆಗೇದ," ಅಂದಳು. ಆಮೇಲೆ, "ಯಾವಾಗಲೂ ಹಂಗ ಆಕಿ. ಹಾಕಬ್ಯಾಡ ಅಂದ್ರ ಇನ್ನಷ್ಟು ಹಾಕತಿದ್ದಳು." ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರವನ್ನು ಬೈದಳು. ಬದುವಿನ ಮೇಲೆ ಕೂತು, ಸೊಸೆಗೆ ಒಂದಿಷ್ಟು ಕೊಟ್ಟು, ನಮಗೆ ಒಂದಿಷ್ಟು ಕೊಟ್ಟು, ಉಳಿದದ್ದನ್ನು ಬೆರಳಿನಿಂದ ಬಳಿದು ಬಳಿದು ತಿಂದು ಮುಗಿಸಿದಳು. ಉಪ್ಪು ನಿಜಕ್ಕೂ ಜಾಸ್ತಿಯಿತ್ತು.

ಡಬ್ಬಿ ತೊಳೆದಳು. ಸೆರಗಿನಿಂದ ಒರೆಸಿದಳು. ಅದರ ತುಂಬ ಬಿಸಿ ಸೀತನಿ ಸುರಿದು, ಮೇಲೆ ಬೆಲ್ಲದ ಚೂರು ಇಟ್ಟು, ಮುಚ್ಚಿ, ನನ್ನ ಕೈಯಲ್ಲೇ ಇಟ್ಟಳು.

ಗೌರಿಗೆ ತಡೆಯಲಿಲ್ಲ. "ಯವ್ವಾ! ಡಬ್ಬಿ ನಿಮ್ಮದರೀ! ಇದನ್ನ ನಿಮಗ ಮುಟ್ಟಸಾಕಂತ ಮುಂಜಾನಿಂದ ಎರಡು ತಾಲ್ಲೂಕು ತಿರುಗೀವಿ!"

"ನಂದೇ ಅದ. ಅದಕ್ಕ ಕಳಸಾಕತ್ತೀನಿ," ಅಂದಳು ನೀಲಮ್ಮ. "ವಾಪಸ್ ತರಾಕಿ ಆಕೀನ ಆಗಬೇಕು. ಖಾಲಿ ತರಬ್ಯಾಡ ಅಂತ ಹೇಳ್ರಿ. ನಾಳೇನ ಮುಟ್ಟಸ್ರಿ ಮತ್ತ, ತಡ ಆದ್ರ ಸೀತನಿ ರುಚಿ ಹೋಗ್ತದ."

ಆ ರಾತ್ರಿ ಡಬ್ಬಿ ನಮ್ಮ ಅಡುಗೆಮನೆಯೊಳಗೇ ಇತ್ತು. ಸೀತನಿಗೆ ಬೆಳ್ಳುಳ್ಳಿ ಇಲ್ಲವೆಂದು ಅತ್ತೆಯ ಅಪ್ಪಣೆಯಾಗಿತ್ತು.

ಮರುದಿನ ಬಾಗಲವಾಡ. ಶರಣಮ್ಮ ಡಬ್ಬಿ ತೆಗೆದು ನೋಡಲಿಲ್ಲ. ನಮ್ಮ ಮಾತು ಕೇಳಿ, "ಉಪ್ಪು ಜಾಸ್ತಿ ಅಂದಳಾ?" ಅಂತ ಒಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಆಮೇಲೆ ಅಂಗಳದ ಕಡೆ ಕೈ ತೋರಿಸಿದಳು. "ಹೋಗಬೇಕಂದ್ರ ಮೆಣಸಿನಕಾಯಿ ಹರವೀನ್ರೀ. ಕೋಳಿ ಕೆದರ್ತಾವ, ಆಡು ನುಗ್ತಾವ. ಮನ್ಯಾಗ ಯಾರಿಲ್ಲ. ಬಿಟ್ಟು ಹೆಂಗ ಬರ್ಲಿ? ಮುಂದಿನ ವಾರ ನೋಡ್ತೀನಿ."

ಮುಂದಿನ ವಾರ ಎಂಬ ಮಾತಿನ ಬೆಲೆ ನನಗೆ ಗೊತ್ತಿತ್ತು, ನಾನೇ ಹೇಳಿದವಳಲ್ಲವೆ. "ಮೆಣಸಿನಕಾಯಿ ನಾ ಕಾಯ್ತೀನ್ರೀ. ನೀವು ಹತ್ರಿ," ಅಂದುಬಿಟ್ಟೆ.

"ನೀವಾ?" ಅಂತ ಆಕೆ ನನ್ನ ಇಸ್ತ್ರಿ ಮಾಡಿದ ಸೀರೆ ನೋಡಿದಳು.

"ಆಕಿ ಮಾಡ್ತಾಳ್ರೀ. ಬ್ಯಾಂಕಿನ್ಯಾಗ ಇಷ್ಟು ವರ್ಷ ಮಂದಿ ರೊಕ್ಕ ಕಾದಾಕಿ," ಅಂದಳು ಗೌರಿ, ಸ್ಕೂಟರ್ ಶುರು ಮಾಡುತ್ತ.

ಶರಣಮ್ಮ ಒಳಗೆ ಓಡಿ, ಸೀತನಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಗೆ ಏನೋ ತುಂಬಿ, ಸೀರೆ ಬದಲಿಸಿ ಬಂದಳು. ಕೋಳಿ ಓಡಿಸಲು ನನ್ನ ಕೈಗೆ ಒಂದು ಜಾಲಿ ಕೋಲು ಕೊಟ್ಟಳು. ನನ್ನ ಕಾಯಂ ಸೀಟಿನ ಮೇಲೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗವಚಿಕೊಂಡು ಕೂತಳು. ಓಣಿಯ ತಿರುವಿನಲ್ಲಿ ಗೌರಿಯ ದನಿ ಕೇಳಿಸಿತು. "ಏನ್ ತುಂಬೀರಿ ಈ ಸಲ?"

ಉತ್ತರ ನನಗೆ ಕೇಳಿಸಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಕುಟ್ಟುವ ಕಲ್ಲು ಒಣಗಿತ್ತು, ಗಿಡದ ಕೆಳಗಿನ ಹಣ್ಣು ಬಿದ್ದಲ್ಲೇ ಇದ್ದವು. ಒಳಗೆ ಒಲೆಯ ಮೇಲಿನ ಅನ್ನದ ಗಡಿಗೆ ಮಾತ್ರ ಆಗಷ್ಟೇ ಖಾಲಿಯಾಗಿತ್ತು, ನೀಲಮ್ಮ ಮುಟ್ಟಂಗಿಲ್ಲ ಅಂದ ಅದೇ ಅನ್ನ.

ನಾನು ಬಿಸಿಲಿನಲ್ಲಿ ಕೂತು ಸಂಜೆಯವರೆಗೂ ಕೋಳಿ ಓಡಿಸಿದೆ.